ಗುಂಡು ಪಂಜರದೊಳಗೆ ಹೋದದ್ದು ಹೇಗೆ?

ಗೇಣಿಗಿಂತ ಚಿಕ್ಕದಾದ ಒಂದು ಮರದ ತುಂಡು. ನಡುವೆ ನಾಲ್ಕು ಪುಟ್ಟ ಕಂಬಗಳ ಪಂಜರ. ಅದರೊಳಗೊಂದು ಮರದ ಗುಂಡು. ಅಲ್ಲಾಡಿಸಿದರೆ ಟಕಟಕ ಎಂದು ಹೊರಳುತ್ತದೆ, ಆದರೆ ಯಾವ ಸಂದಿಯಿಂದಲೂ ಹೊರಗೆ ಬರುವುದಿಲ್ಲ. ಎಲ್ಲೂ ಅಂಟಿಲ್ಲ, ಮೊಳೆಯಿಲ್ಲ. ಹಾಗಾದರೆ ಗುಂಡು ಒಳಗೆ ಹೋದದ್ದು ಹೇಗೆ?

ಅದು ಒಳಗೆ ಹೋಗಲೇ ಇಲ್ಲ, ಮೊದಲಿನಿಂದಲೂ ಅಲ್ಲೇ ಇತ್ತು! ಒಂದೇ ಮರದ ತುಂಡಿನಿಂದ ಬೇಡದ್ದನ್ನೆಲ್ಲ ಚೂರಿಯಲ್ಲಿ ಕೆತ್ತಿ ತೆಗೆದಾಗ ಹೊರಗೆ ಪಂಜರ, ಒಳಗೆ ಗುಂಡು ಉಳಿಯಿತು. ಇಂಥ ಚಮತ್ಕಾರದ ಆಟಿಕೆ ಮಾಡುವುದನ್ನು ಕಲಿಯಬೇಕೆಂಬ ಆಸೆಯೇ? ಈ ರಜೆಯಲ್ಲಿ ಕಡೂರು, ಅಜ್ಜಂಪುರ, ತರೀಕೆರೆಗಳ ಕಡೆ ಒಮ್ಮೆ ಹೋಗಿ ಬನ್ನಿ. ಚಿಕ್ಕಮಗಳೂರು ಜಿಲ್ಲೆ ಎಂದರೆ ಕಾಫಿ, ಮಂಜು, ಗಿರಿ ಎಂದಷ್ಟೇ ನೆನೆಯುವವರು ಈ ಮೂರು ಊರುಗಳನ್ನು ರೈಲಿನ ಕಿಟಕಿಯಿಂದ ನೋಡಿ ಮುಂದೆ ಸಾಗುತ್ತಾರೆ. ಕೈಗೆಲಸ ಕಲಿಯುವವರಿಗೆ ಇಲ್ಲಿ ಮೂರು ಒಳ್ಳೆಯ ಪಾಠಗಳಿವೆ.

ಮೊದಲ ಪಾಠ ಕಡೂರಿನದು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಹಿಂದೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಮಲೆನಾಡಿನ ಮಳೆ ಇಲ್ಲಿಗೆ ತಲುಪುವಷ್ಟರಲ್ಲಿ ಸೊರಗಿರುತ್ತದೆ, ಆದರೂ ಕಣ್ಣು ಹಾಯಿಸಿದಲ್ಲೆಲ್ಲ ತೆಂಗಿನ ತೋಟ. ತೆಂಗಿನ ಗರಿ ಇದ್ದಲ್ಲಿ ಗಿರಗಿಟ್ಟಲೆ ಇದ್ದೇ ಇರುತ್ತದೆ. ಗರಿಯ ಎರಡು ತುಂಡುಗಳನ್ನು ಅಡ್ಡಡ್ಡ ಹೆಣೆದು, ನಡುವೆ ಒಂದು ಜಾಲಿ ಮುಳ್ಳು ಚುಚ್ಚಿ, ಗಾಳಿಗೆ ಎದುರಾಗಿ ಓಡಿದರೆ ಗಿರ್ರೆಂದು ತಿರುಗುತ್ತದೆ. ಮಾಡಿದವರಿಗೆಲ್ಲ ಗೊತ್ತು, ಇದರ ಗುಟ್ಟಿರುವುದು ಮುಳ್ಳಿನ ತೂತಿನಲ್ಲಿ. ತೂತು ಬಿಗಿಯಾದರೆ ಗರಿ ತಿರುಗದು, ಸಡಿಲವಾದರೆ ಕಳಚಿ ಹಾರಿಹೋಗುತ್ತದೆ. ತೂತಿನಲ್ಲಿ ತಿರುಗುವ ಯಾವ ವಸ್ತುವಿಗೂ ಕೂದಲೆಳೆಯಷ್ಟು ಜಾಗ ಬೇಕು. ಗಡಿಯಾರಕ್ಕೂ ಇದೇ ನಿಯಮ.

ಕಡೂರಿನಿಂದ ಬೀರೂರು ದಾಟಿ ಹುಬ್ಬಳ್ಳಿಯ ಹಳಿ ಹಿಡಿದರೆ ಅಜ್ಜಂಪುರ. ಇದು ಅಮೃತಮಹಲ್ ದನಗಳ ಊರು. ಮೈಸೂರು ಅರಸರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿದ್ದ ಈ ರಾಸುಗಳಿಗೆ ಅಮೃತಮಹಲ್ ಎಂಬ ಹೆಸರು ಬಂದದ್ದು ಟಿಪ್ಪುವಿನ ಕಾಲದಲ್ಲಿ. ಸೈನ್ಯದ ಸಾಮಾನು, ಫಿರಂಗಿಗಳನ್ನು ಎಳೆದೊಯ್ದ ಎತ್ತುಗಳಿವು. ಉದ್ದನೆಯ, ಚೂಪಾದ ಕೊಂಬಿನ ಈ ತಳಿಯನ್ನು ಉಳಿಸುವ ಸರ್ಕಾರಿ ಕೇಂದ್ರ ಇಂದಿಗೂ ಅಜ್ಜಂಪುರದಲ್ಲಿದೆ.

ಎತ್ತು ಇದ್ದಲ್ಲಿ ಗಾಡಿ, ಗಾಡಿ ಇದ್ದಲ್ಲಿ ಅದನ್ನು ನೋಡಿ ಮಕ್ಕಳು ಮಾಡುವ ಪುಟ್ಟ ಗಾಡಿ! ಬಯಲುಸೀಮೆಯ ಮಕ್ಕಳಿಗೆ ಜೋಳದ ದಂಟೇ ಮರ. ಒಣಗಿದ ದಂಟಿನ ಮೇಲಿನ ಸಿಪ್ಪೆಯನ್ನು ಸೀಳಿದರೆ ಗಟ್ಟಿಯಾದ ಕಡ್ಡಿ, ಒಳಗಡೆ ಮೆತ್ತನೆಯ ಬೆಂಡು. ಬೆಂಡಿನ ಬಿಲ್ಲೆ ಚಕ್ರವಾಗುತ್ತದೆ, ಸಿಪ್ಪೆಯ ಕಡ್ಡಿ ಅಚ್ಚಾಗುತ್ತದೆ. ನೊಗ, ಮೂಕಿ ಎಲ್ಲವೂ ಅದರಲ್ಲೇ. ಸಿಪ್ಪೆಯ ಅಂಚು ಬ್ಲೇಡಿನಷ್ಟೇ ಹರಿತ, ಹಾಗಾಗಿ ಬೆರಳು ಜೋಪಾನ. ದೊಡ್ಡ ಗಾಡಿಯಲ್ಲಿ ಚಕ್ರ ಅಚ್ಚಿನಿಂದ ಜಾರದಂತೆ ತುದಿಯಲ್ಲಿ ಕಡಾಣಿ ಹಾಕಿರುತ್ತಾರೆ. ದಂಟಿನ ಗಾಡಿಗೂ ಹಾಗೆಯೇ ಒಂದು ಚೂರು ಬೆಂಡು ಸಿಕ್ಕಿಸಬೇಕು. ತಿರುಗುವುದಕ್ಕೆ ಜಾಗವನ್ನೂ ಬಿಡಬೇಕು, ತಪ್ಪಿಸಿಕೊಳ್ಳದಂತೆ ತಡೆಯನ್ನೂ ಇಡಬೇಕು. ಇದು ಎರಡನೆಯ ಪಾಠ.

ಈಗ ಊರೂರಿನಲ್ಲೂ ಗಾಡಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ಅಚ್ಚು, ಕಡಾಣಿ, ಮೂಕಿ ಎಂಬ ಮಾತುಗಳನ್ನೇ ಕೇಳದ ಮಕ್ಕಳಿದ್ದಾರೆ. ಕಣ್ಣೆದುರು ಗಾಡಿ ಇಲ್ಲದಿದ್ದರೆ ದಂಟಿನ ಗಾಡಿ ಮಾಡುವುದು ಯಾವುದನ್ನು ನೋಡಿ? ಆದ್ದರಿಂದ ಹಳೆಯ ಗಾಡಿಯೊಂದು ಎಲ್ಲಾದರೂ ನಿಂತಿರುವುದು ಕಂಡರೆ ಬಗ್ಗಿ ಅದರ ಅಚ್ಚು ನೋಡಿ. ಮನೆಯಲ್ಲಿ ಅಜ್ಜ ಇದ್ದರೆ ಪ್ರತಿಯೊಂದು ಭಾಗದ ಹೆಸರು ಕೇಳಿ ಬರೆದಿಟ್ಟುಕೊಳ್ಳಿ.

ಮೂರನೆಯ ಪಾಠಕ್ಕೆ ತರೀಕೆರೆ. ಏರಿಯ ಮೇಲೆ ಕುರಿಮರಿ ಮೇಯಿಸುತ್ತಾ ನಮ್ಮೆಲ್ಲರ ನಾಲಿಗೆ ತೊಡರಿಸಿದ ಊರು! ಅಲ್ಲಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಅಮೃತಾಪುರದಲ್ಲಿ ಅಮೃತೇಶ್ವರ ದೇವಾಲಯವಿದೆ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ್ದು. ಕವಿ ಜನ್ನನ ಪದ್ಯಗಳಿರುವ ಶಾಸನವೂ ಇಲ್ಲಿದೆ. ಹೊರಗೋಡೆಯ ಮೇಲೆ ರಾಮಾಯಣ, ಕೃಷ್ಣನ ಲೀಲೆ, ಮಹಾಭಾರತದ ಕಥೆಗಳ 140 ಫಲಕಗಳು. ಒಳಗೆ ಬುಗುರಿಯಂತೆ ಕಡೆದು ನಯಗೊಳಿಸಿದ, ಹೊಳೆಯುವ ಕಂಬಗಳ ಸಾಲು.

ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಬಿಸಿಲಿಗೆ ಗಟ್ಟಿಯಾಗುವ ಗುಣ ಅದರದ್ದು. ಅದಕ್ಕೇ ಮರದ ಮೇಲಿನಷ್ಟು ಸೂಕ್ಷ್ಮ ಕೆತ್ತನೆ ಕಲ್ಲಿನ ಮೇಲೂ ಸಾಧ್ಯವಾಯಿತು. ಪ್ರಸಿದ್ಧ ರೂವಾರಿ ಮಲ್ಲಿತಮ್ಮ ವೃತ್ತಿ ಆರಂಭಿಸಿದ್ದು ಇಲ್ಲಿನ ಮಂಟಪದ ಒಳಮಾಳಿಗೆಯ ಕೆತ್ತನೆಯಿಂದ ಎನ್ನುತ್ತಾರೆ. ಅರವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಅವನ ಹೆಸರು ಸೋಮನಾಥಪುರದ ವಿಗ್ರಹಗಳ ಕೆಳಗೆ ಕಾಣಿಸುತ್ತದೆ. ಕತ್ತೆತ್ತಿ ಆ ಮಾಳಿಗೆ ನೋಡುವಾಗ ಒಂದು ಮಾತು ನೆನಪಿರಲಿ: ಕೆತ್ತಿ ತೆಗೆದ ಚಕ್ಕೆಯನ್ನು ಮತ್ತೆ ಅಂಟಿಸಲಾಗದು. ಏನು ಉಳಿಯಬೇಕು ಎಂಬುದನ್ನು ಉಳಿ ಇಡುವ ಮೊದಲೇ ತೀರ್ಮಾನಿಸಬೇಕು. ಇದೇ ಮೂರನೆಯ ಪಾಠ.

ಇನ್ನು ನಿಮ್ಮ ಗುಂಡು, ಪಂಜರ. ಮೊದಲು ಮೈಸೋಪಿನ ಮೇಲೆ ಕೈ ಪಳಗಿಸಿ. ಆಮೇಲೆ ಹಾಲವಾಣ ಅಥವಾ ಶಿವನಿಯಂಥ ಹಗುರ ಮರದ, ಗಂಟಿಲ್ಲದ ತುಂಡು ಆರಿಸಿ. ಎರಡೂವರೆ ಸೆಂಟಿಮೀಟರ್ ಚೌಕ, ಹನ್ನೆರಡು ಸೆಂಟಿಮೀಟರ್ ಉದ್ದ ಇರಲಿ. ನಾಲ್ಕೂ ಮುಖಗಳ ನಡುವೆ ನಾಲ್ಕು ಸೆಂಟಿಮೀಟರ್ ಉದ್ದದ ಕಿಟಕಿ ಬರೆಯಿರಿ. ಅಂಚಿನಲ್ಲಿ ಎರಡೂ ಕಡೆ ಅರ್ಧರ್ಧ ಸೆಂಟಿಮೀಟರ್ ಬಿಡಿ. ಆ ಅಂಚುಗಳೇ ಪಂಜರದ ಕಂಬ. ಕಿಟಕಿಯ ಅಗಲ ಒಂದೂವರೆ ಸೆಂಟಿಮೀಟರ್ ಆಯಿತು.

ಕಿಟಕಿಯ ಮೇಲಿಂದಲೂ ಕೆಳಗಿಂದಲೂ ನಾಲ್ಕೂ ಕಡೆ ಸ್ವಲ್ಪ ಸ್ವಲ್ಪವೇ ಕೆತ್ತುತ್ತಾ ಬನ್ನಿ. ನಡುವೆ ಒಂದು ಗಡ್ಡೆ ಉಳಿಯುತ್ತದೆ. ಅದನ್ನು ಎಲ್ಲ ಕಡೆಯಿಂದಲೂ ದುಂಡಗೆ ಮಾಡಿ, ಕಂಬಗಳಿಗೆ ಅಂಟಿದ ಜಾಗವನ್ನು ಕೊನೆಯಲ್ಲಿ ಬಿಡಿಸಿ. ಗುಂಡಿನ ಅಡ್ಡಳತೆ ಹೆಚ್ಚುಕಡಿಮೆ 18 ಮಿಲಿಮೀಟರ್ ಇರಲಿ. ಕಿಟಕಿ 15 ಮಿಲಿಮೀಟರ್ ಮಾತ್ರ, ಆದ್ದರಿಂದ ಅದು ಹೊರಬೀಳದು. ಕಂಬಗಳು ಮೂಲೆಗಳಲ್ಲಿರುವುದರಿಂದ ನಡುವೆ ಹೊರಳಲು ಜಾಗವೂ ಇರುತ್ತದೆ. ಕಡೂರಿನ ಮುಳ್ಳು, ಅಜ್ಜಂಪುರದ ಕಡಾಣಿ ಎರಡೂ ಇಲ್ಲಿ ಕೆಲಸಕ್ಕೆ ಬಂದವು! ಕೊನೆಗೆ ಉಪ್ಪುಕಾಗದದಿಂದ ಉಜ್ಜಿ.

ಚೂರಿ ಹಿಡಿಯುವಾಗ ದೊಡ್ಡವರು ಪಕ್ಕದಲ್ಲೇ ಇರಬೇಕು. ಚೂರಿ ಹರಿತವಾಗಿರಲಿ. ಮೊಂಡು ಚೂರಿಗೆ ಬಲ ಹಾಕಲು ಹೋದಾಗಲೇ ಅದು ಜಾರಿ ಕೈ ಕುಯ್ಯುವುದು. ಮರ ಹಿಡಿದ ಕೈಯ ಹೆಬ್ಬೆರಳಿಗೆ ಬಟ್ಟೆ ಸುತ್ತಿ, ಚೂರಿಯನ್ನು ಮೈಯಿಂದ ಆಚೆಗೆ ಓಡಿಸಿ. ಮರದ ನಾರು ಹೋದ ದಿಕ್ಕಿಗೇ ಕೆತ್ತಿ. ಎದುರು ಕೆತ್ತಿದರೆ ಕಂಬ ಸೀಳಿಬಿಡುತ್ತದೆ. ಅವಸರ ಬೇಡ, ನಾಲ್ಕು ಸಂಜೆ ಹಿಡಿದರೂ ಹಿಡಿಯಲಿ.

ಗುಂಡು ಬಿಡುಗಡೆಯಾಗುವ ಕ್ಷಣ ಮಾತ್ರ ಮಜವಾದದ್ದು. ಅದುವರೆಗೆ ಅಲುಗದೆ ಕುಳಿತಿದ್ದದ್ದು ‘ಟಕ್’ ಎಂದು ಕೈಯಲ್ಲಿ ಹೊರಳುತ್ತದೆ. ಆಮೇಲೆ ಮರದ ಸರಪಳಿಗೆ ಕೈಹಾಕಬಹುದು. ಅದಕ್ಕೂ ಇದೇ ಉಪಾಯ, ತಾಳ್ಮೆ ಮಾತ್ರ ಹೆಚ್ಚು ಬೇಕು.

ಪ್ರವಾಸಕ್ಕೆ ಇನ್ನೊಂದು ದಿನ ಉಳಿದಿದ್ದರೆ ಕಡೂರಿನಿಂದ ಚಿಕ್ಕಮಗಳೂರಿನ ಮೇಲೆ ಬೇಲೂರಿಗೆ ಹೋಗಿ. ಅಲ್ಲಿನ ಚೆನ್ನಕೇಶವ ದೇವಾಲಯದ ಒಳಗೆ, ಕಂಬದ ಮೇಲಿರುವ ಮದನಿಕೆಯರಲ್ಲಿ ಒಬ್ಬಳ ಕೈಯ ಕಲ್ಲಿನ ಬಳೆ ಅಲುಗಾಡುವಂಥದ್ದು. ಬಳೆ ಅವಳ ಕೈಗೆ ಬಂದದ್ದು ಹೇಗೆ ಎಂದು ಜೊತೆಯಲ್ಲಿ ಬಂದವರನ್ನು ಕೇಳಿ. ಉತ್ತರ ನಿಮಗೆ ಗೊತ್ತಿದೆಯಲ್ಲ!