ಚಿನಿವಾರನ ಕಟ್ಟೆ ಎರಡು ಮಹಡಿ ಕೆಳಗೆ

ನಮ್ಮಜ್ಜಿ ತಿಪಟೂರಿನ ಸಂತೆಗೆ ಹೋದರೆ ಮೊದಲ ಸುತ್ತಿನಲ್ಲಿ ಏನನ್ನೂ ಕೊಳ್ಳುತ್ತಿರಲಿಲ್ಲ. ಆ ತುದಿಯಿಂದ ಈ ತುದಿಯವರೆಗೆ ನಡೆದು, ಅವರೆಕಾಯಿ, ಬದನೆಕಾಯಿ, ಒಣಮೆಣಸಿನಕಾಯಿ ಎಲ್ಲದರ ದರ ಕೇಳಿಕೊಂಡು, ಎರಡನೆಯ ಸುತ್ತಿಗೆ ಚೀಲ ಬಿಚ್ಚುತ್ತಿದ್ದಳು. ‘ಬಾಗಿಲಲ್ಲೇ ಕೂತೋನ ಹತ್ರ ತಗೊಂಡ್ರೆ ಅವನು ಕೂತ ಜಾಗಕ್ಕೂ ನಾವೇ ದುಡ್ಡು ಕೊಟ್ಟ ಹಾಗೆ’ ಅನ್ನುತ್ತಿದ್ದಳು. ಈ ಮಾತು ನನಗೆ ನೆನಪಾದದ್ದು ಬ್ಯಾಂಕಾಕಿನ ವಿಮಾನ ನಿಲ್ದಾಣದಲ್ಲಿ. ಅದೂ ದುಡ್ಡು ಕೈಬಿಟ್ಟ ಮೇಲೆ.

ಅಕ್ಕ, ನಾನು ಇಬ್ಬರೇ ಹೋಗಿದ್ದೆವು. ರಾತ್ರಿಯೆಲ್ಲ ನಿದ್ದೆಯಿಲ್ಲ. ಪಾಸ್‌ಪೋರ್ಟಿನ ಸಾಲಿನಲ್ಲಿ ನಿಂತು ಕಾಲು ಸೋತಿತ್ತು. ಬ್ಯಾಗು ಎತ್ತಿಕೊಂಡು ಹೊರಬಂದರೆ ಎದುರಿಗೇ ಹಣ ಬದಲಿಸುವ ಕೌಂಟರು, ಮೇಲೆ ‘ಕಮಿಷನ್ ಇಲ್ಲ’ ಎಂಬ ಬೋರ್ಡು. 300 ಡಾಲರ್ ಕೊಟ್ಟೆ, ಥಾಯ್ಲೆಂಡಿನ ಬಾತ್ ಎಣಿಸಿಕೊಂಡೆ. ‘ಇನ್ನೊಂದು ಅಂಗಡಿ ನೋಡಬಹುದಿತ್ತು ಕಣೋ’ ಎಂದಳು ಅಕ್ಕ. ರೈಲು ಹಿಡಿಯಲೆಂದು ಎರಡು ಮಹಡಿ ಕೆಳಗೆ ಇಳಿದೆವು. ಅಲ್ಲಿ ಸಾಲಾಗಿ ನಾಲ್ಕಾರು ಪುಟ್ಟ ಅಂಗಡಿಗಳು, ಪ್ರತಿಯೊಂದರ ಮುಂದೂ ದರದ ಫಲಕ. ಡಾಲರಿಗೆ ಎರಡು ಬಾತಿಗಿಂತ ಹೆಚ್ಚೇ ಕೊಡುತ್ತಿದ್ದರು. ಲೆಕ್ಕ ಹಾಕಿದರೆ 600 ಬಾತಿನ ಮೇಲೆ, ನಮ್ಮ ದುಡ್ಡಿನಲ್ಲಿ ಒಂದೂವರೆ ಸಾವಿರ ರೂಪಾಯಿಗೆ ಕಡಿಮೆಯಿಲ್ಲ. ಅಕ್ಕ ಮತ್ತೆ ಮಾತಾಡಲಿಲ್ಲ. ಅಜ್ಜಿಯ ಜೊತೆ ಸಂತೆಗೆ ಹೋಗುತ್ತಿದ್ದವಳು ಅವಳೇ.

ಒಂದೇ ಕಟ್ಟಡದಲ್ಲಿ ಒಂದೇ ನೋಟಿಗೆ ಎರಡು ಬೆಲೆ ಏಕೆ? ಮೇಲಿನ ಕೌಂಟರಿನವರು ಜಾಗಕ್ಕೆ ತೆರುವ ಬಾಡಿಗೆ ದೊಡ್ಡದು. ಅದಕ್ಕಿಂತ ದೊಡ್ಡ ಕಾರಣ ನಮ್ಮ ದಣಿವು. ಹೊಸ ಊರು, ಗೊತ್ತಿಲ್ಲದ ಭಾಷೆ, ಟ್ಯಾಕ್ಸಿಗೆ ಕೈಯಲ್ಲಿ ಚಿಲ್ಲರೆ ಇಲ್ಲ. ಆ ಗಳಿಗೆಯಲ್ಲಿ ಯಾರೂ ದರ ಹೋಲಿಸಲು ಹೋಗುವುದಿಲ್ಲ. ಕಮಿಷನ್ ಇಲ್ಲ ಅನ್ನುವುದೇನೋ ನಿಜವೇ, ಆದರೆ ಲಾಭವೆಲ್ಲ ದರದೊಳಗೇ ಅಡಗಿರುತ್ತದೆ. ಫಲಕದಲ್ಲಿ ಕೊಳ್ಳುವ ದರ, ಮಾರುವ ದರ ಎಂದು ಎರಡು ಅಂಕಣ ಇರುತ್ತವೆ. ಇವೆರಡರ ನಡುವಿನ ಕಂದಕ ಎಷ್ಟು ಅಗಲವೋ ನಮ್ಮ ನಷ್ಟ ಅಷ್ಟು. ನಾವು ಡಾಲರ್ ಕೊಡುವವರಾದ್ದರಿಂದ ನೋಡಬೇಕಾದದ್ದು ಅಂಗಡಿಯವನು ಕೊಳ್ಳುವ ದರವನ್ನು.

ನಮ್ಮ ಹಿರಿಯರಿಗೆ ಇದು ಹೊಸ ವಿದ್ಯೆಯಲ್ಲ. ಪತ್ರಿಕೆಗಳಲ್ಲಿ ಚಿನ್ನ ಬೆಳ್ಳಿ ಧಾರಣೆಗೆ ‘ಚಿನಿವಾರ ಪೇಟೆ’ ಎಂಬ ತಲೆಬರಹ ಇರುತ್ತದಲ್ಲ, ಆ ಚಿನಿವಾರ ಎಂದರೆ ನಾಣ್ಯ ನೋಡಿ, ಉಜ್ಜಿ, ತೂಗಿ ಬದಲಿಸಿ ಕೊಡುವವನು. ಅವನು ಮುರಿದುಕೊಳ್ಳುವ ಪಾಲಿಗೆ ‘ವಟ್ಟ’ ಎಂಬ ಹೆಸರಿತ್ತು. ಇಂದು ನಾವು ದುಡ್ಡಿಗೆಲ್ಲ ಹಣ ಅನ್ನುತ್ತೇವೆ, ಆಗ ಹಣ ಅನ್ನುವುದು ಒಂದು ಪುಟ್ಟ ಚಿನ್ನದ ನಾಣ್ಯದ ಹೆಸರು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯಲ್ಲಿ ಸುತ್ತಾಡಿದ ಬ್ರಿಟಿಷ್ ಪ್ರವಾಸಿ ಫ್ರಾನ್ಸಿಸ್ ಬುಕನನ್ ಪೇಟೆಯಲ್ಲಿ ಓಡಾಡುತ್ತಿದ್ದ ಬಗೆಬಗೆಯ ನಾಣ್ಯಗಳನ್ನು ಬರೆದಿಟ್ಟಿದ್ದಾನೆ. ಒಂದು ಊರಿನ ಪೇಟೆಗೇ ಅಷ್ಟು ನಾಣ್ಯ. ಸಂತೆಗೆ ಹೋದವನಿಗೆ ವಟ್ಟದ ಲೆಕ್ಕ ಬರದಿದ್ದರೆ ಬದುಕೇ ಇರಲಿಲ್ಲ.

ಬಾತ್ ಕೂಡ ಮೊದಲು ನಾಣ್ಯವಲ್ಲ, ತೂಕ. ಬ್ಯಾಂಕಾಕಿನ ಚೀನಿಯರ ಬೀದಿಯಲ್ಲಿ ಈಗಲೂ ಚಿನ್ನವನ್ನು ಗ್ರಾಮಿನಲ್ಲಿ ಕೇಳುವುದಿಲ್ಲ, ಬಾತಿನಲ್ಲಿ ಕೇಳುತ್ತಾರೆ. ಒಂದು ಬಾತ್ ತೂಕ ಎಂದರೆ ಸುಮಾರು 15 ಗ್ರಾಂ. ಬಾತಿನ ನೂರನೆಯ ಪಾಲಿಗೆ ಸತಾಂಗ್ ಎಂದು ಹೆಸರು, ನಮ್ಮ ಶತ ಅದರೊಳಗೆ ಕೂತಿದೆ. ವಿಮಾನ ನಿಲ್ದಾಣದ ಹೆಸರೂ ಅಪ್ಪಟ ಸಂಸ್ಕೃತ, ಸುವರ್ಣಭೂಮಿ. 2006ರಲ್ಲಿ ತೆರೆದ ಅದಕ್ಕೆ ಹೆಸರಿಟ್ಟವರು ಥಾಯ್ಲೆಂಡಿನ ಅಂದಿನ ದೊರೆ ಭೂಮಿಬೋಲ್. ಹಿಂದಿರುಗುವಾಗ ಒಳಗೆ ಸಮುದ್ರಮಥನದ ದೊಡ್ಡ ಶಿಲ್ಪ ಸಿಗುತ್ತದೆ. ವಾಸುಕಿಯ ಒಂದು ಕಡೆ ದೇವತೆಗಳು, ಇನ್ನೊಂದು ಕಡೆ ಅಸುರರು. ನಿಂತು ನೋಡಿ, ಎಲ್ಲೋ ನಮ್ಮೂರ ಗೋಪುರದ ಕೆಳಗೆ ನಿಂತಂತೆ ಅನ್ನಿಸುತ್ತದೆ.

ಇನ್ನು ಹೊರಡುವ ಮುಂಚಿನ ಮಾತು. ಕೈಯಲ್ಲಿ 8 ಡಾಲರ್ ಹಿಡಿದುಕೊಂಡು ನಮ್ಮ ಹುಡುಗರು ಅಮೆರಿಕಕ್ಕೆ ಹೊರಡುತ್ತಿದ್ದ ಕಾಲವೊಂದಿತ್ತು, ಅದಕ್ಕಿಂತ ಹೆಚ್ಚು ಸರ್ಕಾರ ಬಿಡುತ್ತಿರಲಿಲ್ಲ. ಈಗ ಒಂದು ಪ್ರವಾಸಕ್ಕೆ 3,000 ಡಾಲರಿನಷ್ಟು ನೋಟು ಒಯ್ಯಬಹುದು. ಬೆಂಗಳೂರಿನಲ್ಲಿ ಬಾತ್ ಇಟ್ಟವರು ಕಡಿಮೆ, ಇಟ್ಟವರೂ ದುಬಾರಿ ದರ ಹೇಳುತ್ತಾರೆ. ಡಾಲರಿಗೆ ಪೈಪೋಟಿ ಇದೆ. ಎಂ.ಜಿ. ರಸ್ತೆಯ ಆಸುಪಾಸಿನಲ್ಲಿ, ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಎರಡು ಮೂರು ಕಡೆ ವಿಚಾರಿಸಿ ಡಾಲರ್ ಕೊಂಡು, ಅದನ್ನು ಬ್ಯಾಂಕಾಕಿನಲ್ಲಿ ಬಾತ್ ಮಾಡಿಸಿಕೊಳ್ಳುವುದೇ ಮೇಲು. ಎರಡು ಸಲ ಬದಲಿಸಿದರೂ ಉಳಿತಾಯವೇ. ಕೇಳುವಾಗ 100ರ ನೋಟುಗಳನ್ನೇ ಕೇಳಿ. ಅಲ್ಲಿನ ಅಂಗಡಿಗಳು ದೊಡ್ಡ ನೋಟಿಗೆ ಒಂದು ದರ, ಚಿಕ್ಕ ನೋಟಿಗೆ ಅದಕ್ಕಿಂತ ಕಡಿಮೆ ದರ ಕೊಡುತ್ತವೆ. ಹರಿದ, ಪೆನ್ನಿನ ಗೀಟು ಬಿದ್ದ ನೋಟನ್ನು ಬೆರಳಲ್ಲಿ ಹಿಂದಕ್ಕೆ ತಳ್ಳುತ್ತಾರೆ. ನಮ್ಮ ರೂಪಾಯಿಯನ್ನೂ ತೆಗೆದುಕೊಳ್ಳುತ್ತಾರೆ. 25,000 ರೂಪಾಯಿಯವರೆಗೆ ದೇಶದಿಂದ ಒಯ್ಯಲು ಅವಕಾಶವಿದೆ. ಆದರೆ ರೂಪಾಯಿಯ ಎರಡು ಅಂಕಣಗಳ ನಡುವಿನ ಕಂದಕ ಡಾಲರಿನದಕ್ಕಿಂತ ಅಗಲ.

ಎಟಿಎಮ್ ಇದೆಯಲ್ಲ ಅನ್ನುವವರು ಇದ್ದಾರೆ, ನನ್ನ ಅಕ್ಕನ ಮಗನೇ ಅಂದ. ಥಾಯ್ಲೆಂಡಿನ ಯಂತ್ರಗಳು ಹೊರದೇಶದ ಕಾರ್ಡಿಗೆ ಒಂದೊಂದು ಸಲಕ್ಕೂ ಸುಮಾರು 220 ಬಾತ್ ಹಿಡಿಯುತ್ತವೆ. 2,000 ಬಾತ್ ತೆಗೆದವನಿಗೆ ಅದು ನೂರಕ್ಕೆ ಹನ್ನೊಂದು! 20,000 ತೆಗೆದವನಿಗೆ ನೂರಕ್ಕೆ ಒಂದು ಚಿಲ್ಲರೆ. ಇದರ ಮೇಲೆ ನಮ್ಮ ಎಷ್ಟೋ ಬ್ಯಾಂಕುಗಳು ನೂರಕ್ಕೆ ಮೂರೂವರೆಯವರೆಗೆ ಹಾಕಿ, ಅದಕ್ಕೂ ಜಿಎಸ್‌ಟಿ ಸೇರಿಸುತ್ತವೆ. ಎಟಿಎಮ್ಮೇ ಗತಿ ಎಂದಾದರೆ ಒಂದೇ ಸಲ ದೊಡ್ಡ ಮೊತ್ತ ತೆಗೆಯಿರಿ.

ಇಲ್ಲಿ ಒಂದು ಗುಂಡಿ ಇದೆ, ತುಂಬ ಜನ ಬೀಳುವ ಗುಂಡಿ. ದುಡ್ಡು ಕೊಡುವ ಮುಂಚೆ ಯಂತ್ರ ಕೇಳುತ್ತದೆ: ಲೆಕ್ಕವನ್ನು ರೂಪಾಯಿಯಲ್ಲೇ ಮಾಡಲೇ? ನಮ್ಮ ರೂಪಾಯಿ ಕಂಡರೆ ಮನಸ್ಸಿಗೆ ಹಿತ, ಬೆರಳು ಒಪ್ಪಿಗೆಯ ಕಡೆಗೇ ಹೋಗುತ್ತದೆ. ಹೋಗಬಾರದು. ಒಪ್ಪಿದರೆ ದರ ಕಟ್ಟುವ ಅಧಿಕಾರ ಆ ಯಂತ್ರದ ಕಡೆಯವರಿಗೆ ಸಿಕ್ಕಿತು, ಅವರು ಕಟ್ಟುವ ದರ ನಮ್ಮ ಬ್ಯಾಂಕಿನದಕ್ಕಿಂತ ಬಹುಪಾಲು ಕೆಟ್ಟದ್ದೇ. ಬೇಡ ಅನ್ನಿ. ಬೇಡ ಅಂದರೂ ದುಡ್ಡು ಬರುತ್ತದೆ. ಹೋಟೆಲಿನಲ್ಲಿ ಕಾರ್ಡು ಉಜ್ಜುವಾಗಲೂ ಇದೇ ಪ್ರಶ್ನೆ ಬರುತ್ತದೆ, ಅಲ್ಲೂ ಬಾತ್ ಎಂದೇ ಹೇಳಿ.

ದರವೂ ಕಲ್ಲಿನ ಮೇಲೆ ಕೊರೆದದ್ದಲ್ಲ. ಡಾಲರಿಗೆ 25ರ ಆಸುಪಾಸಿನಲ್ಲಿ ವರ್ಷಗಟ್ಟಲೆ ಕಟ್ಟಿಹಾಕಿದ್ದ ಬಾತನ್ನು 1997ರ ಜುಲೈ 2ರಂದು ಥಾಯ್ಲೆಂಡಿನ ಸರ್ಕಾರ ಬಿಟ್ಟುಕೊಟ್ಟಿತು. ಆರು ತಿಂಗಳಲ್ಲಿ ಅದು 50 ದಾಟಿತು. ಏಷ್ಯಾದ ಅರ್ಧಭಾಗವನ್ನು ಅಲ್ಲಾಡಿಸಿದ ಕುಸಿತ ಅಲ್ಲಿಂದ ಶುರುವಾಯಿತು. ಆದ್ದರಿಂದ ಹೋದ ವರ್ಷ ಹೋಗಿಬಂದ ನೆಂಟರು ಹೇಳಿದ ದರ ನೆಚ್ಚಬೇಡಿ. ವಿಮಾನ ಹತ್ತುವ ಮುಂಚೆ ಅಂದಿನ ದರ ಮೊಬೈಲಿನಲ್ಲಿ ನೋಡಿ ಬರೆದಿಟ್ಟುಕೊಳ್ಳಿ.

ನಡುರಾತ್ರಿ ಇಳಿದವರಿಗೆ ಕೆಳಗಿನ ಅಂಗಡಿಗಳು ಮುಚ್ಚಿರಬಹುದು. ಆಗ ಮೇಲೆ ಟ್ಯಾಕ್ಸಿಗೆ ಬೇಕಾದಷ್ಟು ಮಾತ್ರ ಬದಲಿಸಿಕೊಳ್ಳಿ. ಮೀಟರಿನ ಮೇಲೆ ನಿಲ್ದಾಣದ 50 ಬಾತ್ ಸೇರುತ್ತದೆ, ಟೋಲಿಗೂ ನಗದು ಬೇಕು. ಉಳಿದದ್ದು ಮರುದಿನ ಊರೊಳಗೆ. ಹಗಲಿನಲ್ಲಿ ಇಳಿದವರು ಎರಡನೆಯ ಮಹಡಿಯ ಕೌಂಟರುಗಳನ್ನು ದಾಟಿ, ಊರಿಗೆ ಹೋಗುವ ರೈಲಿನ ಬೋರ್ಡು ಹಿಡಿದು ನೆಲಮಾಳಿಗೆಗೆ ಇಳಿಯಿರಿ. ರೈಲಿನ ಟಿಕೆಟ್ ಕೊಡುವ ಜಾಗ ಕಂಡಿತೋ, ಆ ಅಂಗಡಿಗಳ ಸಾಲು ಅಲ್ಲೇ ಪಕ್ಕದಲ್ಲಿದೆ. ಅಲ್ಲೂ ಒಂದು ಸುತ್ತು ಹಾಕಿ, ಆಮೇಲೆ ಚೀಲ ಬಿಚ್ಚಿ.