ಯಾರ್ಕಿನ ನೆಲದಡಿಯ ಸಂಸಾರ

ಮಗನೋ ಮಗಳೋ ಇಂಗ್ಲೆಂಡಿನಲ್ಲಿದ್ದು, ಬಾಣಂತನಕ್ಕೆಂದು ಅಲ್ಲಿಗೆ ಹೋಗುವ ಯೋಗ ನಿಮಗೆ ಬಂದರೆ, ಲಂಡನ್ನಿನ ಅರಮನೆ ನೋಡಿ ಸುಮ್ಮನಾಗಬೇಡಿ. ರೈಲಿನಲ್ಲಿ ಎರಡು ಗಂಟೆ ಉತ್ತರಕ್ಕೆ ಹೋದರೆ ಯಾರ್ಕ್ ಅನ್ನೋ ಹಳೇ ಊರು. ಅಲ್ಲಿನ ಕಾಪರ್‌ಗೇಟ್‌ನಲ್ಲಿ, ನೆಲದಡಿಗೆ ಇಳಿದು ನೋಡಬೇಕಾದ ‘ಯೋರ್ವಿಕ್ ವೈಕಿಂಗ್ ಸೆಂಟರ್’ ಇದೆ.

ವೈಕಿಂಗರೆಂದರೆ ಹಡಗಿನಲ್ಲಿ ಬಂದ ಲೂಟಿಕೋರರು ಅಂತ ಮಕ್ಕಳ ಪುಸ್ತಕದಲ್ಲಿ ನೋಡಿರುತ್ತೀರಿ. 866ರಲ್ಲಿ ಈ ಊರನ್ನು ಅವರು ಹಿಡಿದದ್ದೂ ಕತ್ತಿಯಿಂದಲೇ. ಆದರೆ ಹಿಡಿದ ಮೇಲೆ ಸಂಸಾರ ಹೂಡಬೇಕಲ್ಲ! ಇಲ್ಲಿ ಕಾಣೋದು ಆ ಸಂಸಾರ.

ಹಿಂದೆ ಮಿಠಾಯಿ ಕಾರ್ಖಾನೆಯಿದ್ದ ಜಾಗವನ್ನು 1976ರಿಂದ 1981ರವರೆಗೆ ಅಗೆದರು. ಸುಮಾರು 40,000 ವಸ್ತುಗಳು ಸಿಕ್ಕವು. ಮಣ್ಣು ಸದಾ ಒದ್ದೆ, ಗಾಳಿ ಸೋಕದು. ಹಾಗಾಗಿ ಮರ, ಚರ್ಮ, ಬಟ್ಟೆ ಕೂಡ ಕೊಳೆಯದೆ ಉಳಿದಿದ್ದವು. 1984ರಲ್ಲಿ ಅಲ್ಲೇ ಮ್ಯೂಸಿಯಂ ತೆರೆಯಿತು.

ಸಣ್ಣ ಬಂಡಿಯಲ್ಲಿ ಕೂತರೆ ಅದೇ ನಿಮ್ಮನ್ನು ಹಳೇ ಬೀದಿಯಲ್ಲಿ ಸುತ್ತಿಸುತ್ತದೆ. ತಡಿಕೆ ಗೋಡೆಯ ಮನೆಗಳು, ಮರದ ಬಟ್ಟಲು ಕಡೆಯುವವರು, ವ್ಯಾಪಾರದ ಗದ್ದಲ. ಜೊತೆಗೆ ಬೇಕೆಂದೇ ಹರಡಿಸಿದ ವಾಸನೆ! ಹೊಗೆ, ಮೀನು, ಕಕ್ಕಸಿನ ಗುಂಡಿ. ಸೆರಗು ತಾನಾಗಿ ಮೂಗಿಗೆ ಹೋಗುತ್ತದೆ. ಹತ್ತಿರದಲ್ಲೇ 1972ರಲ್ಲಿ ಸಿಕ್ಕ ಒಬ್ಬ ವೈಕಿಂಗನ ಒಣಗಿದ ಮಲವನ್ನೂ ಗಾಜಿನೊಳಗೆ ಇಟ್ಟಿದ್ದಾರೆ. ಛೀ ಅನ್ನಬೇಡಿ. ಮಾಂಸ, ರೊಟ್ಟಿ ತಿನ್ನುತ್ತಿದ್ದ, ಹೊಟ್ಟೆಯಲ್ಲಿ ಜಂತುಹುಳು ಇತ್ತು ಅಂತ ತಿಳಿದದ್ದು ಅದರಿಂದಲೇ. ಮಕ್ಕಳಿಗೆ ಹುಳದ ಔಷಧಿ ಕುಡಿಸೋ ನಮಗೆ ಇದು ದೂರದ ಮಾತೇನಲ್ಲ.

ನನ್ನ ಮನಸ್ಸು ನಿಂತದ್ದು ಒಂದು ಉಣ್ಣೆಯ ಕಾಲುಚೀಲದ ಮುಂದೆ. ನಮ್ಮ ಹಾಗೆ ಎರಡು ಕಡ್ಡಿಯಲ್ಲಿ ಹೆಣೆದದ್ದಲ್ಲ. ಒಂದೇ ಸೂಜಿಯಲ್ಲಿ, ತುಂಡು ನೂಲನ್ನು ಕುಣಿಕೆಯಿಂದ ಕುಣಿಕೆಗೆ ಎಳೆದು ಮಾಡಿದ್ದು. ಇಂಗ್ಲೆಂಡಿನಲ್ಲಿ ಈ ಬಗೆಯದು ಬೇರೆ ಸಿಕ್ಕಿಲ್ಲ. 954ರಲ್ಲಿ ಇಲ್ಲಿಂದ ಓಡಿಸಲ್ಪಟ್ಟ ರಾಜ ಎರಿಕನ ಹೆಸರನ್ನು ಚರಿತ್ರೆಕಾರರು ಬರೆದಿಟ್ಟರು. ಈ ಚೀಲ ಹೆಣೆದವಳ (ಹೆಂಗಸೇ ಇರಬೇಕು ಅಂತ ನನಗೆ) ಹೆಸರನ್ನು ಯಾರೂ ಬರೆಯಲಿಲ್ಲ. ಹಿಮ್ಮಡಿ ತಿರುಗಿಸಿದ ಅವಳ ಕೈಚಳಕ ಮಾತ್ರ ಕಣ್ಣೆದುರೇ ಇದೆ.

2015ರ ಡಿಸೆಂಬರಿನಲ್ಲಿ ನೆರೆನೀರು ಒಳಗೆ ನುಗ್ಗಿತು. ಹಳೇ ವಸ್ತುಗಳನ್ನು ಹೊರಸಾಗಿಸಿ ಉಳಿಸಿಕೊಂಡರು. ಬೀದಿಯನ್ನೆಲ್ಲ ಹೊಸದಾಗಿ ಕಟ್ಟಿ 2017ರ ಏಪ್ರಿಲ್‌ನಲ್ಲಿ ಮತ್ತೆ ತೆರೆದರು. ರಜಾ ದಿನಗಳಲ್ಲಿ ಜನ ಜಾಸ್ತಿ; ಟಿಕೆಟ್ಟು ಮೊದಲೇ ಮಾಡಿಸಿಕೊಳ್ಳಿ. ಬಂಡಿ ಇಳಿದ ಕೂಡಲೇ ಅಂಗಡಿ ಕಡೆ ಓಡೋ ಮಕ್ಕಳನ್ನು ಸ್ವಲ್ಪ ತಡೆದು, ಆ ಕಾಲುಚೀಲ ತೋರಿಸಿ.