ಜೆ.ಪಿ. ನಗರದಲ್ಲೊಂದು ನಾದದ ಮನೆ

ಬನಶಂಕರಿ ದೇವಸ್ಥಾನ ದಾಟಿ ಕನಕಪುರ ರಸ್ತೆಯಲ್ಲಿ ಸಾಗುವ ಬಸ್ಸಿನಲ್ಲಿ ಕುಳಿತವರಿಗೆ ಸಂಗೀತ ಕೇಳಿಸುವುದಿಲ್ಲ, ಕೇಳಿಸುವುದೆಲ್ಲ ಹಾರನ್ನು. ತಲೆಯ ಮೇಲೆ ಮೆಟ್ರೋ ರೈಲು, ಕೆಳಗೆ ಸಾಲುಗಟ್ಟಿದ ವಾಹನ. ಸಾರಕ್ಕಿಯ ಹತ್ತಿರ ಎಡಕ್ಕೆ ತಿರುಗಿ ಜೆ.ಪಿ. ನಗರ ಏಳನೆಯ ಹಂತದ ಕಡೆಗೆ ಹೋದರೆ ಗದ್ದಲ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ಮರಗಳು ಕಾಣತೊಡಗುತ್ತವೆ. ಎತ್ತರದ ಮನೆಗಳ ನಡುವೆ ಪುಟ್ಟೇನಹಳ್ಳಿ ಕೆರೆ ಕಣ್ಣಿಗೆ ಬೀಳುತ್ತದೆ. ಹಾಳುಬಿದ್ದಿದ್ದ ಈ ಕೆರೆಯನ್ನು ಉಳಿಸಲು 2010ರಲ್ಲಿ ಸುತ್ತಲಿನ ನಿವಾಸಿಗಳೇ ಒಂದು ಟ್ರಸ್ಟ್ ಕಟ್ಟಿಕೊಂಡರು. ಕಳೆದುಹೋಗಲಿದ್ದುದನ್ನು ಹಿಡಿದಿಟ್ಟುಕೊಂಡ ಬಡಾವಣೆ ಇದು.

ಅದೇ ಆಸುಪಾಸಿನಲ್ಲಿ, ಬ್ರಿಗೇಡ್ ಮಿಲೆನಿಯಂ ಬಡಾವಣೆಯಲ್ಲಿ, ಹಿಡಿದಿಡುವ ಇನ್ನೊಂದು ಕೆಲಸ ನಡೆದಿದೆ. ಹಿಡಿದಿಡಬೇಕಾದ ವಸ್ತು ಮಾತ್ರ ನೀರಿಗಿಂತಲೂ ಬೇಗ ಇಂಗಿಹೋಗುವಂಥದು: ನಾದ. 'ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್' ಎಂಬ ಹೆಸರಿನ ಈ ಸಂಗೀತ ಸಂಗ್ರಹಾಲಯ 2019ರ ಜುಲೈನಲ್ಲಿ ಸಾರ್ವಜನಿಕರಿಗೆ ತೆರೆಯಿತು. ಒಂಬತ್ತು ಪ್ರದರ್ಶನಾಂಗಣಗಳು, ಹೊರಗೊಂದು ನಾದದ ತೋಟ, ಮಕ್ಕಳಿಗೆ ಸಂಗೀತ ಕಲಿಸುವ ವಿಭಾಗ ಇಲ್ಲಿವೆ.

ಅಭಿಮಾನದ ಟ್ರಂಕು

ಈಗಿನ ತಂದೆತಾಯಿಯರಲ್ಲಿ ಅನೇಕರಿಗೆ ತಮ್ಮ ಬಾಲ್ಯದ ಒಂದು ಟ್ರಂಕು ನೆನಪಿರಬಹುದು. ಅದರಲ್ಲಿ ವಾರಪತ್ರಿಕೆಯಿಂದ ಕತ್ತರಿಸಿದ ಜಿ.ಆರ್. ವಿಶ್ವನಾಥ್ ಚಿತ್ರ, ಪ್ರಕಾಶ್ ಪಡುಕೋಣೆ ಚಿತ್ರ, ಯಾರದೋ ಹಸ್ತಾಕ್ಷರವಿದ್ದ ಒಂದು ಚೀಟಿ ಇರುತ್ತಿದ್ದವು. ದೊಡ್ಡವರ ಕಣ್ಣಿಗೆ ಅದು ರದ್ದಿ, ಹುಡುಗನ ಪಾಲಿಗೆ ಆಸ್ತಿ. ಮನೆ ಬದಲಾಯಿಸುವಾಗ ಆ ಟ್ರಂಕು ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯದು.

ಹೊರಜಗತ್ತಿನಲ್ಲಿ ಹೆಸರಾಂತ ಆಟಗಾರರ ಬ್ಯಾಟು, ಕೋಲು, ಟೋಪಿ, ಫೋಟೋಗಳನ್ನು ಹರಾಜಿನಲ್ಲಿ ಕೊಳ್ಳುವವರಿದ್ದಾರೆ. ಆಟಗಾರನ ಆಟ ಅಂಕಪಟ್ಟಿಯಲ್ಲಾದರೂ ಉಳಿಯುತ್ತದೆ. ಸಂಗೀತಗಾರನ ಹಾಡಿಗೆ ಅಂಕಪಟ್ಟಿಯೂ ಇಲ್ಲ. ಹಾಡು ಮುಗಿದೊಡನೆ ಗಾಳಿಯ ಕಂಪನ ನಿಲ್ಲುತ್ತದೆ. ಕೇಳಿದವರು ತೀರಿಕೊಂಡರೆ ನೆನಪೂ ಮುಗಿಯಿತು. ಆದ್ದರಿಂದಲೇ ಅವರು ಬಳಸಿದ ವಸ್ತು, ಅವರ ಫೋಟೋ, ಅವರ ಧ್ವನಿಮುದ್ರಿಕೆ ಇವುಗಳಿಗೆ ಇಷ್ಟು ಬೆಲೆ.

ಭಾರತೀಯ ಸಂಗೀತದ ದಿಗ್ಗಜರಿಗಾಗಿಯೇ ಮೀಸಲಾದ ಅಂಗಣವೊಂದು ಇಲ್ಲಿದೆ. ಶಾಸ್ತ್ರೀಯ ಸಂಗೀತದವರೂ ಸಿನಿಮಾ ಸಂಗೀತದವರೂ ಅಲ್ಲಿ ಜೊತೆಜೊತೆಗೆ ಚಿತ್ರವಾಗಿ ನಿಂತಿದ್ದಾರೆ. ಅಲ್ಲಿಯ ವಸ್ತುಗಳ ಪೈಕಿ ಮಕ್ಕಳು ನೋಡಲೇಬೇಕಾದದ್ದು ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿ.

ಒಂದು ಸನಾದಿಯ ಕಥೆ

ನೋಡಲು ಅದು ಸಾಮಾನ್ಯ ವಸ್ತು. ತುದಿಯತ್ತ ಅಗಲವಾಗುತ್ತ ಹೋಗುವ ಒಂದು ಕೊಳವೆ, ಮೇಲೆ ತೂತುಗಳು. ಬಾಯಿಗಿಡುವ ಪೀಪಿಯ ಎರಡು ತೆಳ್ಳನೆಯ ಎಸಳುಗಳು ಉಸಿರಿಗೆ ಅದುರಿ ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಕೊಳವೆಯೊಳಗಿನ ಗಾಳಿ ಆ ಅದುರುವಿಕೆಯನ್ನು ಸ್ವರವಾಗಿಸುತ್ತದೆ. ಮದುವೆ ಮನೆಯ ಬಾಗಿಲಲ್ಲಿ ಕೂರುತ್ತಿದ್ದ ಈ ವಾದ್ಯವನ್ನು ಕಛೇರಿಯ ವೇದಿಕೆಗೆ ಹತ್ತಿಸಿದವರು ಖಾನ್ ಸಾಹೇಬರು. ಬಿಹಾರದ ಡುಮರಾಂವ್‌ನಲ್ಲಿ 1916ರಲ್ಲಿ ಹುಟ್ಟಿದ ಅವರು ಬಾಳಿ ಬದುಕಿದ್ದು ಕಾಶಿಯಲ್ಲಿ. 2001ರಲ್ಲಿ ಭಾರತರತ್ನ ಪಡೆದರು. 2006ರ ಆಗಸ್ಟ್ 21ರಂದು ತೀರಿಕೊಂಡರು.

ಉತ್ತರ ಕರ್ನಾಟಕದಲ್ಲಿ ಶಹನಾಯಿಗೆ ಸನಾದಿ ಎಂದು ಹೆಸರು. 1977ರಲ್ಲಿ ತೆರೆ ಕಂಡ 'ಸನಾದಿ ಅಪ್ಪಣ್ಣ' ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಸನಾದಿ ಊದುವುದನ್ನು ಕನ್ನಡಿಗರು ಕಣ್ಣಲ್ಲಿ ನೀರು ತಂದುಕೊಂಡು ನೋಡಿದ್ದಾರೆ. ತೆರೆಯ ಮೇಲಿನ ಬೆರಳು ರಾಜ್ ಅವರದು. ಹಿಂದಿನ ಉಸಿರು ಬಿಸ್ಮಿಲ್ಲಾ ಖಾನರದು. ಗಾಜಿನ ಮುಂದೆ ನಿಂತ ಮೊಮ್ಮಗನಿಗೆ ಅಜ್ಜ ಅಜ್ಜಿಯರು ಮೊದಲು ಹೇಳಬೇಕಾದದ್ದು ಈ ಸಂಗತಿಯನ್ನೇ.

ಎರಡನೆಯ ಸಂಗತಿ ಅಷ್ಟು ಹಿತವಾದದ್ದಲ್ಲ. 2016ರ ಡಿಸೆಂಬರಿನಲ್ಲಿ ವಾರಾಣಸಿಯ ಅವರ ಕುಟುಂಬದ ಮನೆಯಿಂದ ಖಾನರ ಶಹನಾಯಿಗಳು ಕಳುವಾದವು. ಅವುಗಳಲ್ಲಿ ಬೆಳ್ಳಿಯವೂ ಇದ್ದವು; ಗಣ್ಯರು ಗೌರವದಿಂದ ಕೊಟ್ಟ ಕಾಣಿಕೆಗಳು ಅವು. ಮರುತಿಂಗಳು ಪೊಲೀಸರು ಪ್ರಕರಣ ಭೇದಿಸಿದರು. ಅವರು ತಿಳಿಸಿದಂತೆ, ವಾದ್ಯಗಳು ಆಭರಣದ ಅಂಗಡಿಗೆ 17,000 ರೂಪಾಯಿಗೆ ಮಾರಾಟವಾಗಿದ್ದವು. ಬೆಳ್ಳಿಯನ್ನು ಕರಗಿಸಿಯೂ ಆಗಿತ್ತು. ಬಂಧಿತರಲ್ಲಿ ಕುಟುಂಬದವರೇ ಒಬ್ಬರಿದ್ದರು.

ರಸಾಯನಶಾಸ್ತ್ರದ ಕಣ್ಣಿನಲ್ಲಿ ಏನೂ ಕಳೆದುಹೋಗಲಿಲ್ಲ. ಕರಗುವ ಮುಂಚೆ ಇದ್ದ ಬೆಳ್ಳಿ ಕರಗಿದ ಮೇಲೂ ಬೆಳ್ಳಿಯೇ, ತೂಕವೂ ಹೆಚ್ಚುಕಡಮೆ ಅಷ್ಟೇ. ಹಾಗಾದರೆ ಹೋದದ್ದೇನು? ಈ ಪ್ರಶ್ನೆಯನ್ನು ಮಕ್ಕಳಿಗೆ ಕೇಳಿ ಸುಮ್ಮನಿರುವುದು ಒಳ್ಳೆಯದು. ಉತ್ತರ ಅವರೇ ಹೇಳುತ್ತಾರೆ. ಜೆ.ಪಿ. ನಗರದ ಗಾಜಿನೊಳಗೆ ಕುಳಿತ ಒಂದು ಶಹನಾಯಿಯ ಬೆಲೆ ಆಗ ತಾನಾಗಿ ಅರ್ಥವಾಗುತ್ತದೆ.

ಮೇಣದಲ್ಲಿ ಗೀರಿದ ಹಾಡು

ಧ್ವನಿಮುದ್ರಣದ ಚರಿತ್ರೆ ಹೇಳುವ ಭಾಗದಲ್ಲಿ ಹಳೆಯ ಗ್ರಾಮಫೋನುಗಳ ಮುಂದೆ ಮಕ್ಕಳು ಹೆಚ್ಚು ಹೊತ್ತು ನಿಲ್ಲುತ್ತಾರೆ. ವಿದ್ಯುತ್ತಿಲ್ಲದೆ ಹಾಡುವ ಯಂತ್ರವೆಂದರೆ ಅವರಿಗೆ ನಂಬಿಕೆಯೇ ಬಾರದು.

ತತ್ತ್ವ ಸರಳ. 1925ಕ್ಕೆ ಮುಂಚೆ ಮುದ್ರಣಕ್ಕೆ ಮೈಕು ಇರಲಿಲ್ಲ. ಗಾಯಕರು ದೊಡ್ಡ ಕಹಳೆಯಂಥ ಕೊಳವೆಯೊಳಕ್ಕೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಕೊಳವೆಯ ತುದಿಯ ತೆಳುಪೊರೆ ಅದುರುತ್ತಿತ್ತು. ಅದಕ್ಕೆ ಅಂಟಿದ ಸೂಜಿ, ತಿರುಗುವ ಮೇಣದ ಬಿಲ್ಲೆಯ ಮೇಲೆ ಆ ಅದುರನ್ನು ಗೀರಾಗಿ ಕೊರೆಯುತ್ತಿತ್ತು. ಗೀರಿನ ಮೇಲೆ ಮತ್ತೆ ಸೂಜಿ ಓಡಿಸಿದರೆ ಪೊರೆ ಮತ್ತೆ ಅದುರುತ್ತದೆ, ಹಾಡು ಮತ್ತೆ ಹುಟ್ಟುತ್ತದೆ. ಮಾರಾಟದ ಬಿಲ್ಲೆಗಳನ್ನು ಅರಗಿನಿಂದ ಮಾಡುತ್ತಿದ್ದರು. ನಮ್ಮ ಕಾಡಿನ ಮರಗಳ ಮೇಲೆ ಅರಗಿನ ಹುಳು ಸುರಿಸುವ ಅಂಟೇ ಅದರ ಮೂಲ. ನಿಮಿಷಕ್ಕೆ 78 ಸುತ್ತು ತಿರುಗುವ ಆ ಬಿಲ್ಲೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು. ಕೈಜಾರಿ ಬಿದ್ದರೆ ಚೂರು ಚೂರು.

1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಹೀಗೆ ಹಾಡಿದವರು ಗೌಹರ್ ಜಾನ್. ಹಾಡಿನ ಕೊನೆಯಲ್ಲಿ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳುತ್ತಿದ್ದರು. ಅದು ಜಂಬವಲ್ಲ. ಮೇಣದ ಮೂಲಪ್ರತಿಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗುತ್ತಿದ್ದವು. ಅಲ್ಲಿಯ ಕೆಲಸಗಾರರಿಗೆ ಭಾಷೆ ಗೊತ್ತಿಲ್ಲ, ರಾಗ ಗೊತ್ತಿಲ್ಲ. ಹಾಡಿದವರು ಯಾರೆಂದು ತಿಳಿದು ಚೀಟಿ ಅಂಟಿಸಲು ಆ ಕೂಗು ಬೇಕಾಗಿತ್ತು. ಆಸ್ಟ್ರಿಯಾದಲ್ಲಿ ತಯಾರಾದ ಬೆಂಕಿಪೊಟ್ಟಣಗಳ ಮೇಲೂ ಅವರ ಚಿತ್ರ ಬರುವಷ್ಟು ಖ್ಯಾತಿ ಆಕೆಯದು. ಆದರೆ ಕೊನೆಗಾಲಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿಗೆ ಬಂದು, 1930ರ ಜನವರಿಯಲ್ಲಿ ಅಲ್ಲೇ ಕಣ್ಮುಚ್ಚಿದರು. ಅವರ ಜೀವನಚರಿತ್ರೆಯನ್ನು ಶೋಧಿಸಿ 2010ರಲ್ಲಿ ಪ್ರಕಟಿಸಿದವರು ಬೆಂಗಳೂರಿನವರೇ ಆದ ವಿಕ್ರಮ್ ಸಂಪತ್.

ಒಂದು ಬಿಲ್ಲೆಗೆ ಎಷ್ಟು ಶಕ್ತಿ? ರೋಣದಲ್ಲಿ 1922ರಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಹುಡುಗನೊಬ್ಬ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿ, ಹಾಗೆ ಹಾಡಬೇಕೆಂಬ ಹುಚ್ಚು ಹತ್ತಿಸಿಕೊಂಡು, ಗುರುವನ್ನು ಹುಡುಕುತ್ತ ಮನೆ ಬಿಟ್ಟು ಓಡಿಹೋದ. ಊರೂರು ಅಲೆದು ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯನಾದ. ಆ ಹುಡುಗನೇ ಪಂಡಿತ್ ಭೀಮಸೇನ ಜೋಶಿ. 2008ರಲ್ಲಿ ಭಾರತರತ್ನ ಅವರಿಗೆ ಸಂದಿತು. ಯಾರೋ ಜೋಪಾನ ಮಾಡಿದ ಮೂರು ನಿಮಿಷದ ಹಾಡು ಇನ್ನಾರದೋ ಬಾಳನ್ನೇ ತಿರುಗಿಸಬಲ್ಲದು.

ಮುಟ್ಟಿ ಕಲಿಯುವ ತೋಟ

ಸಂಗ್ರಹಾಲಯವೆಂದರೆ 'ಮುಟ್ಟಬೇಡಿ' ಎಂಬ ಫಲಕ ಎಂದು ತಿಳಿದ ಮಕ್ಕಳಿಗೆ ಹೊರಗಿನ ನಾದದ ತೋಟ ಹಬ್ಬ. ಇಲ್ಲಿ ಬಡಿಯಬಹುದು, ಬಾರಿಸಬಹುದು. ಪಾಠಪುಸ್ತಕದ 'ಶಬ್ದ' ಎಂಬ ಅಧ್ಯಾಯ ಇಲ್ಲಿ ಕೈಗೆ ಸಿಗುತ್ತದೆ.

ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಗಾಳಿಯ ಕೊಳವೆಯ ಉದ್ದವನ್ನು ಅರ್ಧ ಮಾಡಿದರೆ ಕಂಪನ ಸಂಖ್ಯೆ ಸುಮಾರು ಎರಡರಷ್ಟಾಗುತ್ತದೆ. ಷಡ್ಜ ಮೇಲಿನ ಷಡ್ಜವಾಗುತ್ತದೆ. ಬಡಿದು ನುಡಿಸುವ ಪಟ್ಟಿಯದು ಬೇರೆ ಲೆಕ್ಕ. ದಪ್ಪ ಅಷ್ಟೇ ಇಟ್ಟು ಉದ್ದ ಅರ್ಧ ಮಾಡಿದರೆ ಕಂಪನ ನಾಲ್ಕರಷ್ಟು. ಅದಕ್ಕೇ ಕಲ್ಲಿನ ಅಥವಾ ಲೋಹದ ಪಟ್ಟಿಗಳ ವಾದ್ಯದಲ್ಲಿ ಪಕ್ಕಪಕ್ಕದ ಪಟ್ಟಿಗಳ ಉದ್ದದಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ, ಸ್ವರದಲ್ಲಿ ಕೇಳಿಸುತ್ತದೆ. ಚೀಲದಲ್ಲಿ ಒಂದು ಅಳತೆಪಟ್ಟಿ ಇಟ್ಟುಕೊಂಡು ಹೋದ ವಿದ್ಯಾರ್ಥಿ ನಷ್ಟ ಹೊಂದುವುದಿಲ್ಲ.

ಮನೆಯ ಅಟ್ಟದಲ್ಲಿರುವುದು

ಜಯನಗರ, ಬನಶಂಕರಿಯ ಹಳೆಯ ಮನೆಗಳು ಒಂದೊಂದಾಗಿ ಕೆಡವಲ್ಪಟ್ಟು ಅಪಾರ್ಟ್‌ಮೆಂಟುಗಳಾಗುತ್ತಿವೆ. ಪ್ರತಿ ಮನೆಯ ಅಟ್ಟದಿಂದಲೂ ಒಂದು ಹಾರ್ಮೋನಿಯಂ, ತಂತಿ ಕಡಿದ ತಂಬೂರಿ, ಕ್ಯಾಸೆಟ್ಟುಗಳ ಡಬ್ಬ, ಫೋಟೋಗಳ ಕಟ್ಟು ಕೆಳಗಿಳಿಯುತ್ತದೆ. ಹಳೆ ಸಾಮಾನಿನವನ ತಕ್ಕಡಿಗೆ ಅವು ತೂಕ ಮಾತ್ರ. ಕಾಶಿಯಲ್ಲಿ ಬೆಳ್ಳಿಗೆ ಆದದ್ದೇ ಇಲ್ಲಿ ಕಾಗದಕ್ಕೂ ಮರಕ್ಕೂ ಆಗುತ್ತಿದೆ.

ಜೋಪಾನ ಮಾಡಲು ಹಣ ಬೇಕಿಲ್ಲ, ಸ್ವಲ್ಪ ವಿಜ್ಞಾನ ಸಾಕು. ಸಂಗ್ರಹಾಲಯಗಳಲ್ಲಿ ಬಟ್ಟೆ, ಕಾಗದಗಳ ಮೇಲೆ ಸಾಮಾನ್ಯವಾಗಿ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುತ್ತಾರೆ. ನಡುಹಗಲ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಕಿಟಕಿಯ ಎದುರು ತೂಗಿಸಿದ ಮದುವೆ ಫೋಟೋ ಏಕೆ ಮಾಸುತ್ತದೆಂಬುದು ಇದರಿಂದಲೇ ಗೊತ್ತಾದೀತು. ಅಜ್ಜನ ಕಪ್ಪು ಬಿಳುಪು ಫೋಟೋದಲ್ಲಿರುವುದು ಬೆಳ್ಳಿಯ ಕಣ; ಅದು ಗಟ್ಟಿ. ಅಪ್ಪನ ಕಾಲದ ಬಣ್ಣದ ಫೋಟೋದಲ್ಲಿರುವುದು ಬಣ್ಣದ ರಸಾಯನ. ಅದು ಬೇಗ ಕೆಂಪಡರುತ್ತದೆ. ಆದ್ದರಿಂದ ಬಣ್ಣದವನ್ನು ಮೊದಲು ಪ್ರತಿ ತೆಗೆದಿಡಬೇಕು. ಹಳೆಯ ಚಿತ್ರಗಳಿಗೆ ಲ್ಯಾಮಿನೇಷನ್ ಮಾಡಿಸಬಾರದು. ಹಾಕಿದ ಅಂಟು ಮತ್ತೆ ಬಿಡಿಸಲು ಬಾರದು. ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ಇಸವಿ ಬರೆಯಬೇಕು. ಕ್ಯಾಸೆಟ್ಟಿಗೆ ಬೂಷ್ಟು ಶತ್ರು. ಮಳೆಗಾಲ ಹಿಡಿಯುವ ಮುನ್ನ ಅದನ್ನು ಕಂಪ್ಯೂಟರಿಗೆ ಇಳಿಸಿ, ಎರಡು ಕಡೆ ಇಡಬೇಕು.

ಇನ್ನೊಂದು ಕೆಲಸವನ್ನು ಮಕ್ಕಳೇ ಮಾಡಬಹುದು. ಅಜ್ಜಿಗೆ ಬರುವ ಸೋಬಾನೆ ಪದವನ್ನೋ ದೇವರನಾಮವನ್ನೋ ಮೊಬೈಲಿನಲ್ಲಿ ಮುದ್ರಿಸಿಕೊಳ್ಳುವುದು. ಕಹಳೆಯೊಳಗೆ ತಲೆ ತೂರಿಸುವ ಕಷ್ಟವೂ ಇಲ್ಲ, ಮೂರು ನಿಮಿಷಕ್ಕೆ ನಿಲ್ಲಿಸುವ ಕಟ್ಟುಪಾಡೂ ಇಲ್ಲ. ಹಾಡು ಮುಗಿದ ಮೇಲೆ ಗೌಹರ್ ಜಾನ್ ಮಾಡಿದ್ದನ್ನು ಮಾತ್ರ ಮರೆಯಬಾರದು: ಅಜ್ಜಿ ತನ್ನ ಹೆಸರನ್ನೂ ಊರನ್ನೂ ತನ್ನ ಬಾಯಿಂದಲೇ ಹೇಳಬೇಕು. ಐವತ್ತು ವರ್ಷದ ನಂತರ ಕೇಳುವವರಿಗೆ ಚೀಟಿ ಅಂಟಿಸಲು ಅದು ಬೇಕಾಗುತ್ತದೆ.

ಹೋಗುವುದು ಹೇಗೆ?

ಮೆಟ್ರೋ ಹಸಿರು ಮಾರ್ಗದ ಜಯಪ್ರಕಾಶ ನಗರ ಅಥವಾ ಯಲಚೇನಹಳ್ಳಿ ನಿಲ್ದಾಣದಲ್ಲಿ ಇಳಿದು ಆಟೋದಲ್ಲಿ ಬ್ರಿಗೇಡ್ ಮಿಲೆನಿಯಂ ತಲುಪಬಹುದು. ಶಾಲೆಯ ಗುಂಪು ಹೊರಡುವುದಾದರೆ ವೇಳೆ ಮತ್ತು ಶುಲ್ಕವನ್ನು ಮುಂಚೆಯೇ ವಿಚಾರಿಸಿಕೊಳ್ಳುವುದು ಕ್ಷೇಮ. ಅರ್ಧ ದಿನ ಬೇಕು. ಬುತ್ತಿ ಕಟ್ಟಿಕೊಂಡು ಹೋದರೆ, ಹಿಂದಿರುಗುವಾಗ ಪುಟ್ಟೇನಹಳ್ಳಿ ಕೆರೆಯ ಹಕ್ಕಿಗಳ ದನಿಯನ್ನೂ ಕೇಳಿ ಬರಬಹುದು.